ಸೌಲಭ್ಯ ಕಡಿಮೆ ಇರುವ ಸಮುದಾಯದ ಜೊತೆ ಸೇರಿ ಯುವಜನರ ಕಾರ್ಯಕ್ರಮ ರೂಪಿಸುವುದು ಹೇಗೆ?

ಹೆಸರು, ವೇಳಾಪಟ್ಟಿ, ಬಜೆಟ್ ಎಲ್ಲ ಗಟ್ಟಿ ಮಾಡಿಕೊಂಡು, ಆಮೇಲೆ "ನಿಮ್ಮ ಅಭಿಪ್ರಾಯ ಹೇಳಿ" ಅಂತ ಹೋಗಬೇಡಿ. ಆಗ ಹೇಳೋಕೆ ಏನು ಉಳಿದಿರುತ್ತೆ? ಹಾಳೆ ಖಾಲಿ ಇರುವಾಗಲೇ ಹೋಗಿ.

ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು 8 ಮೆಟ್ಟಿಲಿನ ಏಣಿಯಾಗಿ ವಿವರಿಸಿದ್ದಾರೆ. ಕೆಳಗಿನ 3 ಮೆಟ್ಟಿಲುಗಳು ಹೀಗಿವೆ: ದೊಡ್ಡವರು ತಮ್ಮ ಮಾತನ್ನು ಮಕ್ಕಳ ಬಾಯಲ್ಲಿ ಹೇಳಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಸೇರಿಸಿಕೊಳ್ಳುವುದು. ಇವು ಭಾಗವಹಿಸುವಿಕೆಯೇ ಅಲ್ಲ ಅಂತಾರೆ ಅವರು. ನಿಮ್ಮ ಯೋಜನೆ ಯಾವ ಮೆಟ್ಟಿಲಲ್ಲಿದೆ ಅಂತ ಮೊದಲು ನೋಡಿಕೊಳ್ಳಿ.

ನನ್ನ ಪ್ರಕಾರ ಅತಿ ಮುಖ್ಯವಾದ ಪ್ರಶ್ನೆ ಇದು: ಸಭೆಗೆ ಯಾರು ಬರುತ್ತಿಲ್ಲ? ಮಾತಾಡೋ ಧೈರ್ಯ, ಬಿಡುವು ಎರಡೂ ಇರುವವರು ಹೇಗೂ ಬರುತ್ತಾರೆ. ದುಡಿಯೋಕೆ ಹೋಗುವ ಹುಡುಗ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿ, ವೀಲ್‌ಚೇರ್ ಬಳಸುವವರು ಹೊರಗೇ ಉಳಿಯುತ್ತಾರೆ. ಅವರಿಗೆ ಆಸಕ್ತಿ ಇಲ್ಲ ಅಂತಲ್ಲ, ಸಮಯ ಮತ್ತು ಜಾಗ ಹೊಂದುವುದಿಲ್ಲ ಅಷ್ಟೇ. ನೀವೇ ಅವರಿರುವಲ್ಲಿಗೆ ಹೋಗಿ, ಯಾವ ಹೊತ್ತು ಆಗುತ್ತದೆ ಅಂತ ಕೇಳಿ. ಓಡಾಟದ ಖರ್ಚು ಕೊಡಿ. ಯೋಜನೆ ರೂಪಿಸಲು ಸಮಯ ಕೊಟ್ಟವರಿಗೆ ಗೌರವಧನವನ್ನೂ ಕೊಡಿ. ನಿಮ್ಮ ಸಿಬ್ಬಂದಿಗೆ ಸಂಬಳ ಇದೆ, ಅವರು ಮಾತ್ರ ಪುಕ್ಕಟೆ ಯಾಕೆ ದುಡಿಯಬೇಕು?

ಬಜೆಟ್‌ನ ಒಂದು ಭಾಗವನ್ನಾದರೂ ಯುವಕ ಯುವತಿಯರೇ ನಿರ್ಧರಿಸಲಿ. ಹಣದ ಮಾತು ಬಂದಾಗಲೇ ಅಧಿಕಾರ ನಿಜವಾಗಿ ಯಾರ ಕೈಲಿದೆ ಅಂತ ಗೊತ್ತಾಗುವುದು.

18 ವರ್ಷದೊಳಗಿನವರಿದ್ದರೆ ಪೋಷಕರ ಒಪ್ಪಿಗೆ ಮತ್ತು ಸುರಕ್ಷತೆಯ ನಿಯಮಗಳು ಮೊದಲೇ ಬೇಕು. ಕೊನೆಗೆ, ಸಮುದಾಯದವರು ಹೇಳಿದ್ದರಲ್ಲಿ ಯಾವುದನ್ನು ಮಾಡಿದಿರಿ, ಯಾವುದು ಆಗಲಿಲ್ಲ, ಯಾಕೆ ಅಂತ ವಾಪಸ್ ಹೋಗಿ ತಿಳಿಸಿ. ಸುಮ್ನೆ ಕೇಳಿಕೊಂಡು ಹೋದವರನ್ನು ಜನ ಎರಡನೇ ಸಲ ನಂಬುವುದಿಲ್ಲ.