ಸ್ಪ್ಯಾನ್, ಬೇಸಿಸ್ ತಲೆಗೆ ಹತ್ತದಿದ್ದರೆ ಒಮ್ಮೆ ಅಡಿಕೆ ತೋಟಕ್ಕೆ ಹೋಗಿ

ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತಿದ್ದೇನೆ, ಲೀನಿಯರ್ ಆಲ್ಜೀಬ್ರಾ ಲೆಕ್ಕ ಬರುತ್ತದೆ, ಆದರೆ ಸ್ಪ್ಯಾನ್, ಬೇಸಿಸ್ ಅಂದರೆ ಏನು ಅಂತಲೇ ತಿಳಿಯುತ್ತಿಲ್ಲ ಎಂದು ಕೇಳಿದ್ದೀರಿ. ನನಗೂ ಹೀಗೇ ಆಗಿತ್ತು. ಮ್ಯಾಟ್ರಿಕ್ಸ್ ಸಾಲುಗಳನ್ನು ಕೂಡಿ ಕಳೆದು ಉತ್ತರ ತರುತ್ತಿದ್ದೆ. ಆ ಉತ್ತರ ಏನು ಹೇಳುತ್ತಿದೆ ಅಂತ ಗೊತ್ತಿರಲಿಲ್ಲ. ಅದು ಹೊಳೆದಿದ್ದು ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲಿ.

ತೋಟದಲ್ಲಿ ಸಾಮಾನ್ಯವಾಗಿ 9 ಅಡಿಗೊಂದು ಮರ, ಉದ್ದಕ್ಕೂ ಅಡ್ಡಕ್ಕೂ. ನಡುವಿನ ಒಂದು ಮರದ ಬುಡದಲ್ಲಿ ನಿಲ್ಲಿ. ಅದು ಸೊನ್ನೆ. ಪೂರ್ವಕ್ಕೆ ಒಂದು ಮರ ದೂರ, ಅದು (1,0). ಉತ್ತರಕ್ಕೆ ಒಂದು ಮರ ದೂರ, ಅದು (0,1). ಈ ಎರಡು ಹೆಜ್ಜೆಗಳನ್ನು (ಪುಸ್ತಕದ ಭಾಷೆಯಲ್ಲಿ ವೆಕ್ಟರ್) ಮುಂದಕ್ಕೋ ಹಿಂದಕ್ಕೋ ಬೇಕಾದಷ್ಟು ಸಲ ಹಾಕಿದರೆ ಯಾವ ಮರವನ್ನಾದರೂ ಮುಟ್ಟಬಹುದು. ಅರ್ಧ, ಕಾಲು, ಎಷ್ಟು ಬೇಕಾದರೂ ಹೆಜ್ಜೆ ಹಾಕಬಹುದು ಅಂದರೆ ಮರಗಳ ನಡುವಿನ ಜಾಗವೂ ಸಿಗುತ್ತದೆ. ಹಾಗೆ ಮುಟ್ಟಬಹುದಾದ ಜಾಗವೆಲ್ಲ ಸೇರಿ ಸ್ಪ್ಯಾನ್.

ಈಗ ಓರೆಯಾಗಿ ನೋಡಿ. ಆ ಕಡೆಯೂ ಮರಗಳು ಸಾಲಾಗಿ ಕಾಣುತ್ತವೆ ಅಲ್ವಾ? (1,1) ಮತ್ತು (2,2) ಎರಡೇ ಹೆಜ್ಜೆ ಇಟ್ಟುಕೊಂಡು ಓಡಾಡಿ. ಎಷ್ಟು ಸುತ್ತಿದರೂ ಆ ಓರೆ ಸಾಲು ಬಿಟ್ಟು ಆಚೆ ಹೋಗಲಾರಿರಿ. ಎರಡನೆಯದು ಹೊಸದೇನೂ ತರಲಿಲ್ಲ. ಪುಸ್ತಕ ಇದನ್ನೇ ಲೀನಿಯರ್ ಡಿಪೆಂಡೆನ್ಸ್ ಅನ್ನುತ್ತದೆ. (2,2) ಬಿಟ್ಟು (1,0) ತೆಗೆದುಕೊಂಡರೆ ಮತ್ತೆ ಇಡೀ ತೋಟ ಕೈಗೆ ಬರುತ್ತದೆ. ಹೀಗೆ ಒಂದೂ ಹೆಚ್ಚಿಲ್ಲದೆ ಇಡೀ ತೋಟ ಮುಟ್ಟಿಸುವ ಹೆಜ್ಜೆಗಳ ಗುಂಪೇ ಬೇಸಿಸ್. (1,0), (0,1) ಒಂದು ಬೇಸಿಸ್, (1,0), (1,1) ಕೂಡ ಒಂದು ಬೇಸಿಸ್. ತೋಟ ಅದೇ, ಅಳೆಯುವ ದಿಕ್ಕು ಬೇರೆ.

ನನಗೆ ತುಂಬ ಖುಷಿ ಕೊಟ್ಟಿದ್ದು ಇನ್ನೊಂದು. (1,1) ಮತ್ತು (1,-1) ತೆಗೆದುಕೊಂಡು ಪೂರ್ತಿ ಹೆಜ್ಜೆಗಳನ್ನಷ್ಟೇ ಹಾಕಿ. ಚದುರಂಗದ ಮಣೆಯ ಹಾಗೆ ಒಂದು ಬಿಟ್ಟು ಒಂದು ಮರ ಮಾತ್ರ ಸಿಗುತ್ತದೆ. ಡಿಟರ್ಮಿನೆಂಟ್ (ಓರೆಯಾಗಿ ಗುಣಿಸಿ ಕಳೆಯುವುದು, 1×(-1) - 1×1) ಮಾಡಿ ನೋಡಿ, -2 ಬರುತ್ತದೆ, ಚಿಹ್ನೆ ಬಿಟ್ಟರೆ 2. ಆ ಎರಡು ಹೆಜ್ಜೆಗಳ ನಡುವಿನ ಚೌಕ ಎರಡು ಮರದಷ್ಟು ಜಾಗ ಹಿಡಿಯುತ್ತದೆ, ಅದಕ್ಕೇ. (1,1), (2,2)ಕ್ಕೆ ಸೊನ್ನೆ ಬರುತ್ತದೆ, ಯಾಕೆಂದರೆ ಅವುಗಳ ನಡುವೆ ಜಾಗವೇ ಇಲ್ಲ.

ಸಮೀಕರಣಗಳನ್ನೂ ಹೀಗೇ ನೋಡಿ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿದ್ದ, 9ನೇ ಶತಮಾನದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಒಂದು ಲೆಕ್ಕವಿದೆ. 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ ಒಟ್ಟು 107. 7 ಮಾದಲ, 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು? ನಾವು ತಕ್ಷಣ ಸಾಲು ಸಾಲಾಗಿ ಬಿಡಿಸಲು ಹೊರಡುತ್ತೇವೆ. ಬದಲಿಗೆ ಕಂಬ ಕಂಬವಾಗಿ, ಅಂದರೆ ಮೇಲಿಂದ ಕೆಳಕ್ಕೆ ಓದಿ. ಮಾದಲದ (9,7) ಒಂದು ಹೆಜ್ಜೆ, ಬೇಲದ (7,9) ಇನ್ನೊಂದು. ಹೋಗಬೇಕಾದ ಜಾಗ (107,101). ಮೊದಲನೆಯದನ್ನು 8 ಸಲ, ಎರಡನೆಯದನ್ನು 5 ಸಲ ಹಾಕಿದರೆ ಸರಿಯಾಗಿ ಅಲ್ಲಿಗೆ ತಲುಪುತ್ತೀರಿ. ಮಾದಲಕ್ಕೆ 8, ಬೇಲಕ್ಕೆ 5. ಎರಡೂ ಹೆಜ್ಜೆ ಒಂದೇ ದಿಕ್ಕಿಗಿದ್ದಿದ್ದರೆ? ಆ ಗೆರೆಯ ಮೇಲಿಲ್ಲದ ಜಾಗಕ್ಕೆ ಉತ್ತರವೇ ಇರುತ್ತಿರಲಿಲ್ಲ.

ಸದ್ಯಕ್ಕೆ 2×2 ಲೆಕ್ಕ ಯಾವುದೇ ಬರಲಿ, ಬಿಡಿಸುವ ಮೊದಲು ಗ್ರಾಫ್ ಹಾಳೆಯಲ್ಲಿ ಕಂಬಗಳನ್ನು ಬಾಣವಾಗಿ ಬರೆಯಿರಿ. ಸುಮ್ನೆ ಓದಬೇಡಿ, ಬರೆಯಿರಿ. ಒಂದೆರಡು ವಾರ ಸಾಕು.

ಮೂರು ಆಯಾಮ ಬಂದಾಗ ಮತ್ತೆ ತೋಟಕ್ಕೆ ಹೋಗಿ, ಮೇಲೆ ಅಡಿಕೆ ಗೊನೆ ನೋಡಿ. ನೆಲದ ಮೇಲೆ ಎಷ್ಟು ದಿಕ್ಕಿಗೆ ನಡೆದರೂ ಅದು ಕೈಗೆ ಸಿಗುವುದಿಲ್ಲ. ದೋಟಿ ಎತ್ತಿದಾಗಲೇ ಮೂರನೇ ವೆಕ್ಟರ್ ಸಿಕ್ಕಿದ್ದು.