ಶಿಲಾಬಾಲಿಕೆಯ ತುರುಬು ಈಗಿನ ತಲೆಗೆ

ಈ ಸಲದ ಪತ್ರಗಳಲ್ಲಿ ರಾಣಿಯರ ಕೇಶಾಲಂಕಾರದ ಬಗ್ಗೆಯೇ ಜಾಸ್ತಿ ಪ್ರಶ್ನೆಗಳು ಬಂದಿವೆ. ಮೊದಲನೆಯದಕ್ಕೆ ಉದ್ದವಾಗಿ ಉತ್ತರ ಬರೆದಿದ್ದೇನೆ. ಉಳಿದವರೂ ಅದನ್ನು ಓದಿಕೊಳ್ಳಿ, ನಿಮ್ಮ ಪ್ರಶ್ನೆಗೂ ಅರ್ಧ ಉತ್ತರ ಅಲ್ಲೇ ಇದೆ.

ಪ್ರಶ್ನೆ: ಅಕ್ಕ, ಮುಂದಿನ ತಿಂಗಳು ನನ್ನ ಆರತಕ್ಷತೆ. ಚಿಕ್ಕಂದಿನಿಂದ ಬೇಲೂರು ದೇವಸ್ಥಾನ ನೋಡಿಕೊಂಡೇ ಬೆಳೆದವಳು ನಾನು. ಅಲ್ಲಿನ ಶಿಲಾಬಾಲಿಕೆಯರ ಹಾಗೆ ತುರುಬು ಹಾಕಿಸಿಕೊಳ್ಳಬೇಕು ಅಂತ ಆಸೆ. ಪಾರ್ಲರ್‌ನಲ್ಲಿ ಕೇಳಿದರೆ ಮುಂದೆ ಎತ್ತರಕ್ಕೆ ಪಫ್ ಎತ್ತಿ, ಹಿಂದೆ ಚಿನ್ನದ ಬಣ್ಣದ ಸರಗಳನ್ನೆಲ್ಲ ಸುತ್ತಿ ತೋರಿಸಿದರು. ನಾಟಕಕ್ಕೆ ವೇಷ ಹಾಕಿದ ಹಾಗಿತ್ತು. ನನ್ನ ಕೂದಲು ಭುಜದಿಂದ ಸ್ವಲ್ಪ ಕೆಳಗಿದೆ, ತೆಳು ಬೇರೆ. ಏನು ಮಾಡಲಿ?
- ಓದುಗರು, ಹಾಸನ ಜಿಲ್ಲೆ

ಉತ್ತರ: ನಿಮಗೆ ಅನಿಸಿದ್ದು ಸರಿ. ಆ ಪಫ್ ಅರವತ್ತರ ದಶಕದ ಸಿನಿಮಾ ನಾಯಕಿಯರಿಂದ ಬಂದದ್ದು, ಹೊಯ್ಸಳರಿಗೂ ಅದಕ್ಕೂ ಸಂಬಂಧ ಇಲ್ಲ. ಪಾರ್ಲರ್‌ಗೆ ಹೋಗುವ ಮುಂಚೆ ಇನ್ನೊಂದು ಸಲ ಬೇಲೂರಿಗೆ ಹೋಗಿ ಬನ್ನಿ. ನಿಮಗೆ ಹತ್ತಿರವೇ ಅಲ್ವಾ? ಈ ಸಲ ಮುಖ ನೋಡಬೇಡಿ, ಪಕ್ಕದಿಂದ ನೋಡಿ. ಮದನಿಕೆಯರು ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತಿರುವುದರಿಂದ ಎದುರಿಗೆ ನಿಂತರೆ ತುರುಬು ಅರ್ಧ ಮರೆಯಾಗುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಜೂಮ್ ಮಾಡಿ ಫೋಟೊ ತೆಗೆದುಕೊಳ್ಳಿ. ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ ಕೆತ್ತನೆಯ ಗೆರೆಗಳು ಚೆನ್ನಾಗಿ ಕಾಣುತ್ತವೆ. ಆ ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ಹಾಗಾಗಿಯೇ ಶಿಲ್ಪಿಗಳಿಗೆ ಗುಂಗುರು ಕೂದಲು, ಬೈತಲೆಯ ಸರ, ತುರುಬಿನ ಸುತ್ತು ಎಲ್ಲವನ್ನೂ ಅಷ್ಟು ಸಣ್ಣದಾಗಿ ಬಿಡಿಸಲು ಆಗಿದ್ದು.

ಇನ್ನೊಂದು ಮಾತು. ಪಾರ್ಲರ್‌ನವರು 'ಶಾಂತಲಾ ಸ್ಟೈಲ್' ಅಂದರೆ ಅದೇ ಅಂತ ನಂಬಿಬಿಡಬೇಡಿ. ಈ ದೇವಸ್ಥಾನವನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ್ದು ವಿಷ್ಣುವರ್ಧನ, ಅವನ ರಾಣಿ ಶಾಂತಲೆ, ಇದೆಲ್ಲ ನಿಮಗೆ ಗೊತ್ತೇ ಇದೆ. ಶಾಸನಗಳು ಅವಳ ಸಂಗೀತ, ನೃತ್ಯವನ್ನು ಬಾಯಿ ತುಂಬ ಹೊಗಳುತ್ತವೆ. ಕನ್ನಡಿ ಹಿಡಿದ ದರ್ಪಣ ಸುಂದರಿಗೆ ಅವಳೇ ಮಾದರಿ ಅನ್ನುವುದು ಮಾತ್ರ ಜನರ ನಂಬಿಕೆ. ನಾವು ಕಲಿಯಬೇಕಾದದ್ದು ಶಿಲ್ಪಿಯ ಕಣ್ಣಿನಿಂದ. ತಲೆಯ ಯಾವ ಭಾಗಕ್ಕೆ ಭಾರ ಕೊಟ್ಟ, ಯಾವುದನ್ನು ಖಾಲಿ ಬಿಟ್ಟ ಅಂತ ನೋಡಿ.

ನನ್ನ ಸಲಹೆ ಇಷ್ಟೇ: ಶಿಲ್ಪದಿಂದ ಒಂದು ಗೆರೆ ತೆಗೆದುಕೊಳ್ಳಿ, ಒಡವೆಗಳನ್ನು ಅಲ್ಲೇ ಬಿಡಿ. ಆ ಮೂರ್ತಿಗಳ ಮೈಮೇಲೆ ಬಟ್ಟೆ ಕಡಿಮೆ, ಹಾಗಾಗಿ ತಲೆಯಿಂದ ಕಾಲಿನವರೆಗೆ ಆಭರಣ ಒಪ್ಪುತ್ತದೆ. ನೀವು ಜರಿ ಅಂಚಿನ ಸೀರೆ ಉಟ್ಟು, ಕತ್ತಿಗೆ ಹಾರ, ಕಿವಿಗೆ ಜುಮ್ಕಿ ಹಾಕಿಕೊಂಡಿರುತ್ತೀರಿ. ಅದರ ಮೇಲೆ ತಲೆಗೂ ಸರ ಸುತ್ತಿದರೆ ಕೂದಲೇ ಕಾಣುವುದಿಲ್ಲ. ನಾನು ಆರಿಸಿಕೊಳ್ಳುವ ಗೆರೆ ಯಾವುದೆಂದರೆ, ಹಣೆಯಿಂದ ಹಿಂದಕ್ಕೆ ಹೋಗಿ, ಒಂದು ಕಿವಿಯ ಹಿಂದೆ ದುಂಡಗೆ ನಿಲ್ಲುವ ತುರುಬು. ಇದು ಎದುರಿನಿಂದಲೂ ಸ್ವಲ್ಪ ಕಾಣುತ್ತದೆ. ಆರತಕ್ಷತೆಯ ಫೋಟೊಗಳೆಲ್ಲ ಎದುರಿನಿಂದಲೇ ತೆಗೆಯುತ್ತಾರೆ, ತಲೆಯ ಹಿಂದೆ ನಡುವಿಗೆ ಹಾಕಿದ ತುರುಬು ಯಾರಿಗೂ ಕಾಣುವುದಿಲ್ಲ.

ಮಾಡುವ ಕ್ರಮ ಹೇಳುತ್ತೇನೆ. ಹಿಂದಿನ ದಿನವೇ ತಲೆಸ್ನಾನ ಮಾಡಿಕೊಳ್ಳಿ. ಅವತ್ತೇ ಮಾಡಿದರೆ ಕೂದಲು ಜಾರುತ್ತದೆ, ಪಿನ್ ನಿಲ್ಲುವುದಿಲ್ಲ. ಎಣ್ಣೆ, ಕಂಡೀಷನರ್ ಎರಡೂ ಬೇಡ. ಈ ಕಿವಿಯಿಂದ ಆ ಕಿವಿಗೆ ನೆತ್ತಿಯ ಮೇಲೆ ಗೆರೆ ಎಳೆದು ಮುಂದಿನ ಕೂದಲನ್ನು ಬೇರೆ ಮಾಡಿ ಕ್ಲಿಪ್ ಹಾಕಿ. ಹಿಂದಿನದನ್ನೆಲ್ಲ ಬಲ ಅಥವಾ ಎಡ ಕಿವಿಯ ಹಿಂದೆ, ಕಿವಿಯ ಹಾಲೆಯ ಮಟ್ಟಕ್ಕೆ, ಗಟ್ಟಿಯಾಗಿ ಜುಟ್ಟು ಕಟ್ಟಿ. ನಿಮ್ಮದು ತೆಳು ಕೂದಲಾದ್ದರಿಂದ ಒಳಗೆ ಸಣ್ಣ ಡೋನಟ್ (ತುರುಬು ದಪ್ಪ ಕಾಣಲು ಇಡುವ ಬಳೆಯಾಕಾರದ ಸ್ಪಂಜು) ಇಟ್ಟು ಅದರ ಮೇಲೆ ಸುತ್ತಬೇಕು. ಸಾಲದಿದ್ದರೆ ಮಾತ್ರ ಚೌರಿ ಸೇರಿಸಿ, ಅದೂ ನಿಮ್ಮ ಕೂದಲಿನದೇ ಬಣ್ಣದ್ದು. ಹಗಲು ಬೆಳಕಿನಲ್ಲಿ ಹೋಲಿಸಿಯೇ ಕೊಳ್ಳಿ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲವೂ ಒಂದೇ ಕಪ್ಪು. ಮೇಲೆ ಹೇರ್‌ನೆಟ್ ಹಾಕಿ, ಯು-ಪಿನ್‌ಗಳನ್ನು ಸುತ್ತಲೂ ಒಳಮುಖವಾಗಿ ಚುಚ್ಚಿ. ಆಮೇಲೆ ಮುಂದಿನ ಕೂದಲನ್ನು ದಪ್ಪ ಬ್ಯಾರೆಲ್‌ನ ಟಾಂಗ್‌ನಲ್ಲಿ ಸಡಿಲವಾಗಿ ಅಲೆ ಮಾಡಿ, ನಡು ಬೈತಲೆ ತೆಗೆದು, ಕಿವಿಯ ಮೇಲಿಂದ ತುರುಬಿಗೆ ಸೇರಿಸಿ. ಹಣೆಯ ಅಂಚಿನಲ್ಲಿ ಏಳುವ ಸಣ್ಣ ಕೂದಲನ್ನು ಜೆಲ್ ಹಾಕಿ ಕೂರಿಸಬೇಡಿ. ಅದನ್ನು ಬೆರಳಿಗೆ ಸುತ್ತಿ ಬಿಟ್ಟರೆ ಶಿಲ್ಪದ ಮುಂಗುರುಳು ತಾನಾಗಿ ಬರುತ್ತದೆ, ನನಗಂತೂ ಇಡೀ ಅಲಂಕಾರದಲ್ಲಿ ಇಷ್ಟವಾಗುವುದು ಅದೇ.

ಒಡವೆ ಒಂದೇ ಇರಲಿ: ಅಜ್ಜಿಯ ಕಾಲದ ಕೆಂಪು ಕಲ್ಲಿನ ಜಡೆಬಿಲ್ಲೆ ಮನೆಯಲ್ಲಿದ್ದರೆ ಅದನ್ನು ತುರುಬಿನ ನಡುವೆ ಇಡದೆ ಮೇಲಂಚಿಗೆ ಕೂರಿಸಿ. ಹೂವು ತುರುಬಿನ ಕೆಳಭಾಗಕ್ಕೆ ಮಾತ್ರ, ಅರ್ಧ ಚಂದ್ರದ ಆಕಾರದಲ್ಲಿ ಸಾಕು. ಉಡುಪಿ ಮಲ್ಲಿಗೆ ಸಿಕ್ಕರೆ ಬಿಡಬೇಡಿ. ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿರುವುದರಿಂದ ಬಾಗಿಸಿದ ಕಡೆಗೆ ನಿಲ್ಲುತ್ತದೆ.

ಎಲ್ಲಕ್ಕಿಂತ ಮುಖ್ಯ, ಒಂದು ವಾರ ಮೊದಲೇ ಮನೆಯಲ್ಲಿ ಇಡೀ ತುರುಬು ಹಾಕಿಸಿಕೊಂಡು ಒಂದಿಷ್ಟು ಹೊತ್ತು ಓಡಾಡಿ. ಕತ್ತು ಒಂದು ಕಡೆಗೆ ವಾಲಿದರೆ ಅಥವಾ ಕಿವಿಯ ಹಿಂದೆ ಎಳೆದ ಹಾಗಾದರೆ ತುರುಬನ್ನು ಒಂದು ಬೆರಳಿನಷ್ಟು ನಡುವಿಗೆ ಸರಿಸಿ. ನೀವು ವೇದಿಕೆಯ ಮೇಲೆ ಗಂಟೆಗಟ್ಟಲೆ ನಿಲ್ಲಬೇಕು, ನೋವು ಮುಖದಲ್ಲಿ ಕಾಣಬಾರದು.

ಪ್ರಶ್ನೆ: ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ, ಬಾಬ್ ಕಟ್ ಇದೆ. ದಸರಾ ಕಾರ್ಯಕ್ರಮಕ್ಕೆ ಮೈಸೂರು ಅರಮನೆಯ ರಾಣಿಯರ ಹಾಗೆ ತಲೆ ಅಲಂಕಾರ ಬೇಕಂತೆ. ಉದ್ದದ ಕೃತಕ ಜಡೆ ಕೊಡಿಸಲೇ?
- ಒಬ್ಬ ತಾಯಿ, ಮೈಸೂರು

ಉತ್ತರ: ಬೇಡ. ಮೊಳದುದ್ದ ಕೃತಕ ಜಡೆಯ ಭಾರವನ್ನೆಲ್ಲ ಬಾಬ್‌ನ ನಾಲ್ಕು ಪಿನ್ ಹೊರಬೇಕು. ಒಂದು ಹಾಡಿಗೆ ಕುಣಿದರೆ ಸಾಕು, ಜಾರುತ್ತದೆ. ಮಗಳನ್ನು ಕರೆದುಕೊಂಡು ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ. ರಾಜಾ ರವಿವರ್ಮ 1885ರಲ್ಲಿ ಚಾಮರಾಜೇಂದ್ರ ಒಡೆಯರ್ ಕರೆಸಿದಾಗ ಮೈಸೂರಿಗೆ ಬಂದು ರಾಜಮನೆತನದವರ ಚಿತ್ರ ಬರೆದಿದ್ದರು. ಆ ಕಾಲದ ಅರಮನೆ ಹೆಣ್ಣುಮಕ್ಕಳ ಚಿತ್ರ, ಫೋಟೊಗಳಲ್ಲಿ ಕಣ್ಣಿಗೆ ಬೀಳುವುದು ನೇರವಾದ ನಡು ಬೈತಲೆ ಮತ್ತು ತಲೆಗೆ ಅಂಟಿದ ಹಾಗೆ ನಯವಾಗಿ ಬಾಚಿದ ಕೂದಲು. ಈ ಎರಡನ್ನೂ ಬಾಬ್ ಕಟ್‌ನಲ್ಲೇ ಮಾಡಬಹುದು. ಸ್ವಲ್ಪ ಜೆಲ್ ಹಚ್ಚಿ, ಬೈತಲೆಯನ್ನು ಬಾಚಣಿಗೆಯ ಚೂಪು ತುದಿಯಿಂದ ಎಳೆದು, ಎರಡೂ ಕಡೆಯ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿ. ಬೈತಲೆಬೊಟ್ಟು, ಅದರ ಎರಡು ಪಕ್ಕಕ್ಕೆ ಭರತನಾಟ್ಯದವರು ಹಾಕುವ ಸೂರ್ಯ-ಚಂದ್ರ ಇಷ್ಟೇ ಸಾಕು. ಕೆಳಗೆ ಬಾಬ್ ಹಾಗೇ ನೇರವಾಗಿ ಇಳಿದಿರಲಿ. ಹುಡುಗಿ ಇಂದಿನವಳೇ ಅಂತ ಅದೇ ಹೇಳುತ್ತದೆ, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ.

ಪ್ರಶ್ನೆ: ವಿಯೆನ್ನಾದಲ್ಲಿದ್ದೇನೆ. ಇಲ್ಲಿನ ಸಿಸಿ ಮ್ಯೂಸಿಯಂ ನೋಡಿದ ಮೇಲೆ ಅವಳ ಹಾಗೆ ತಲೆಯ ಸುತ್ತ ಜಡೆ ಸುತ್ತಿಕೊಳ್ಳಲು ಪ್ರಯತ್ನಿಸುತ್ತಿದ್ದೇನೆ. ಕೂದಲು ಸೊಂಟದವರೆಗಿದೆ. ಮಧ್ಯಾಹ್ನ ಆಗುವಷ್ಟರಲ್ಲಿ ತಲೆನೋವು ಬರುತ್ತದೆ.
- ಓದುಗರು, ಆಸ್ಟ್ರಿಯಾ

ಉತ್ತರ: ಆ ರಾಣಿಗೂ ಬರುತ್ತಿತ್ತು! ಸಿಸಿ ಅಂತ ಕರೆಯುತ್ತಿದ್ದ ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಸಬೆತ್‌ಗೆ ಕೂದಲು ಪಾದದ ಹತ್ತಿರದವರೆಗೆ ಇತ್ತು, ಅದರ ಭಾರಕ್ಕೆ ತಲೆ ನೋಯುತ್ತದೆ ಅಂತ ಅವಳೇ ದೂರುತ್ತಿದ್ದಳು. ಬಾಚಿ ಹೆಣೆಯಲು ದಿನಾ ಎರಡು ಮೂರು ಗಂಟೆ ಬೇಕಿತ್ತು, ಅದಕ್ಕೆಂದೇ ನಾಟಕಶಾಲೆಯಿಂದ ಫ್ಯಾನಿ ಆಂಗೆರರ್ ಎಂಬ ಕೇಶ ಕಲಾವಿದೆಯನ್ನು ಕರೆಸಿಕೊಂಡಿದ್ದಳು. ನಿಮಗೆ ಆಫೀಸಿದೆ. ಇಡೀ ಕೂದಲನ್ನು ನೆತ್ತಿಗೆ ಏರಿಸಬೇಡಿ. ಎರಡೂ ಕಿವಿಯ ಮೇಲಿನ ಕೂದಲಿನಿಂದ ಮಾತ್ರ ಒಂದೊಂದು ಸಡಿಲ ಜಡೆ ಹೆಣೆದು ತಲೆಯ ಹಿಂಬದಿಗೆ ಕಿರೀಟದ ಹಾಗೆ ದಾಟಿಸಿ, ಉಳಿದದ್ದನ್ನು ಕತ್ತಿನ ಹತ್ತಿರ ತಗ್ಗಾಗಿ ತುರುಬು ಕಟ್ಟಿ. ಭಾರ ಕೆಳಗೆ ಇಳಿದರೆ ಎಳೆತ ಕಡಿಮೆಯಾಗುತ್ತದೆ. ದಿನಾ ಒಂದೇ ಜಾಗಕ್ಕೆ ಬಿಗಿಯಬೇಡಿ, ಹಣೆಯ ಎರಡು ಪಕ್ಕದ ಕೂದಲು ಉದುರಲು ಶುರುವಾದರೆ ಮತ್ತೆ ಬರುವುದು ಕಷ್ಟ. 1865ರಲ್ಲಿ ವಿಂಟರ್‌ಹಾಲ್ಟರ್ ಬರೆದ ಅವಳ ಚಿತ್ರದಲ್ಲಿ ಜಡೆಗಳ ತುಂಬ ವಜ್ರದ ನಕ್ಷತ್ರಗಳಿವೆ ಅಲ್ವಾ? ಹಬ್ಬದ ದಿನ ನೀವು ಅದೇ ಜಾಗಗಳಿಗೆ ಸಣ್ಣ ಮುತ್ತಿನ ಪಿನ್ ಸಿಕ್ಕಿಸಿ ನೋಡಿ, ಕಪ್ಪು ಕೂದಲಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಪ್ರಶ್ನೆ: ನಾನು ಹುಡುಗ, ಉದ್ದ ಕೂದಲು ಬಿಟ್ಟಿದ್ದೇನೆ. ಮದುವೆಗೆ ಕತ್ತರಿಸು ಅಂತ ಮನೆಯಲ್ಲಿ ಗಲಾಟೆ. ನಮ್ಮ ರಾಜರ ಕಾಲದಲ್ಲಿ ಗಂಡಸರು ತುರುಬು ಕಟ್ಟುತ್ತಿರಲಿಲ್ಲವೇ?
- ಓದುಗರು, ಬೆಂಗಳೂರು

ಉತ್ತರ: ಕಟ್ಟುತ್ತಿದ್ದರು. ನಮ್ಮ ವೀರಗಲ್ಲುಗಳಲ್ಲಿ ಕತ್ತಿ ಹಿಡಿದ ವೀರರ ತಲೆಯ ಹಿಂದೆ ದಪ್ಪ ತುರುಬು ಇರುವುದು ಎಷ್ಟೋ ಕಡೆ ಕಾಣುತ್ತದೆ. ಒಂದು ಫೋಟೊ ತೆಗೆದು ಮನೆಯವರಿಗೆ ತೋರಿಸಿ. ತುರುಬನ್ನು ನೆತ್ತಿಯ ಮೇಲೆ ಹಾಕಬೇಡಿ, ಅದರ ಮೇಲೆ ಪೇಟ ಕೂರುವುದಿಲ್ಲ. ತಲೆಯ ಹಿಂದೆ, ಕತ್ತಿನ ಗುಳಿಯಿಂದ ಸ್ವಲ್ಪ ಮೇಲೆ ಕಟ್ಟಿ. ಬಾಸಿಂಗದ ದಾರ ಅದರ ಕೆಳಗೆ ಹಾದು ಹೋಗುತ್ತದೆ, ಜಾರುವುದೂ ಇಲ್ಲ. ಗಡ್ಡವನ್ನು ಮಾತ್ರ ಹಿಂದಿನ ದಿನ ನೀಟಾಗಿ ಟ್ರಿಮ್ ಮಾಡಿಸಿಕೊಳ್ಳಿ.