ಓಲ್ಡ್ ಅಂಡ್ ಇನ್ ದಿ ವೇ: ವಾದ್ಯಗಳು ಒಂದೊಂದೇ ಕಿವಿಗೆ ಕೇಳಿಸುವುದು
ಕೆಲವು ವಾದ್ಯ ಎಡಗಿವಿಗೆ, ಕೆಲವು ಬಲಗಿವಿಗೆ ಮಾತ್ರ ಬರುತ್ತಿದ್ದರೆ ಕೆಟ್ಟಿರುವುದು ಬಹುಶಃ ನಿಮ್ಮ ಹೆಡ್‌ಫೋನ್ ಅಲ್ಲ, ಓಲ್ಡ್ ಅಂಡ್ ಇನ್ ದಿ ವೇ ಎಂಬ ಅಮೆರಿಕನ್ ತಂಡದ ಇದೇ ಹೆಸರಿನ ಈ ಆಲ್ಬಂ ಧ್ವನಿಮುದ್ರಣ ಆಗಿರುವುದೇ ಹಾಗೆ. 1973ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೋರ್ಡಿಂಗ್ ಹೌಸ್‌ನಲ್ಲಿ ಧ್ವನಿ ತಂತ್ರಜ್ಞ ಔಸ್ಲಿ ಸ್ಟ್ಯಾನ್ಲಿ ಎಂಟು ಮೈಕ್ ಇಟ್ಟು, ಚಾನೆಲ್‌ಗೆ (ಎಡಕ್ಕೊಂದು, ಬಲಕ್ಕೊಂದು) ನಾಲ್ಕರಂತೆ ನೇರ ನಾಗ್ರಾ ಎಂಬ ರೆಕಾರ್ಡರಿನ ಸ್ಟೀರಿಯೊ ಟೇಪಿಗೆ ಹಿಡಿದದ್ದು.

ಮೊದಲು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಆಕ್ಸೆಸಿಬಿಲಿಟಿಯಲ್ಲಿ ಮೋನೊ ಆಡಿಯೊ (ಎರಡೂ ಕಡೆಗೆ ಒಂದೇ ಧ್ವನಿ ಕಳಿಸುವುದು) ಆನ್ ಮಾಡಿ. ಎರಡೂ ಕಿವಿಗೆ ಸಮನಾಗಿ ಕೇಳಿಸಿದರೆ ಹೆಡ್‌ಫೋನ್ ಸರಿಯಿದೆ. ಆಗಲೂ ಒಂದು ಕಡೆ ಕಮ್ಮಿಯಾದರೆ ಅಲ್ಲೇ ಇರುವ ಬ್ಯಾಲೆನ್ಸ್ ನಡುವಿಗೆ ತನ್ನಿ, ಆಮೇಲೆ ವೈರು, ಜಾಕು ನೋಡಿ.

ಆದರೆ ಮೋನೊದಲ್ಲೇ ಬಿಟ್ಟುಬಿಡಬೇಡಿ. ರಾಕ್ ಕೇಳುತ್ತಿದ್ದ ಎಷ್ಟೋ ಅಮೆರಿಕನ್ನರನ್ನು ಬ್ಯಾಂಜೊ, ಪಿಟೀಲಿನಂಥ ತಂತಿವಾದ್ಯಗಳ ಹಳ್ಳಿಗಾಡಿನ ಸಂಗೀತವಾದ ಬ್ಲೂಗ್ರಾಸ್‌ ಕಡೆ ತಿರುಗಿಸಿದ ಆಲ್ಬಂ ಇದು. ಜೆರಿ ಗಾರ್ಸಿಯಾರ ಬ್ಯಾಂಜೊ, ವಾಸರ್ ಕ್ಲೆಮೆಂಟ್ಸ್ ಅವರ ಪಿಟೀಲು ಬೇರೆ ಬೇರೆಯಾಗಿ ಕೇಳಿಸಿದರೇ ಚೆಂದ. ಎರಡು ಸ್ಪೀಕರ್‌ಗಳನ್ನು ಆರಡಿ ಅಂತರದಲ್ಲಿಟ್ಟು, ಅವುಗಳಿಂದ ಅಷ್ಟೇ ದೂರದಲ್ಲಿ ಕೂತು ಕೇಳಿ.